ಅರಣ್ಯವೈದ್ಯ ಕ್ಲೆಗ್‌ಹಾರ್ನ್

ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುವುದಕ್ಕೂ ಮಳೆಗಾಲ ಕಾಲಿಡುವುದಕ್ಕೂ ನಮ್ಮ ಕಡೆ ಸರಿಹೋಗುತ್ತದೆ. ಹೊಸ ಪುಸ್ತಕಗಳ ಚೀಲವನ್ನು ಎದೆಗವಚಿಕೊಂಡು ಮನೆಗೆ ಮರಳುವಾಗ ಮಳೆ ಹಿಡಿದುಕೊಂಡು, ಮರವೊಂದರ ಅಡಿಯಲ್ಲಿ ನಿಲ್ಲಬೇಕಾಗಿ ಬಾರದ ವಿದ್ಯಾರ್ಥಿ ಠಾಣೆಯಲ್ಲಾಗಲಿ ಡೊಂಬಿವಲಿಯಲ್ಲಾಗಲಿ ಇರಲಾರನು. ಹಾಗೆ ನಿಂತವರು ಒಂದು ಸಂಗತಿಯನ್ನು ಗಮನಿಸಿರಬಹುದು. ಮಳೆ ಆರಂಭವಾದ ಮೊದಲ ಕೆಲವು ನಿಮಿಷ ಮರದಡಿಯ ನೆಲ ಒಣಗಿಯೇ ಇರುತ್ತದೆ. ಬಳಿಕ ಎಲೆಗಳಿಂದ ದಪ್ಪ ಹನಿಗಳು ತೊಟ್ಟಿಕ್ಕತೊಡಗುತ್ತವೆ. ಕಾಂಡದ ಮೇಲೆ ನೀರು ಸಣ್ಣ ಹಾವಿನಂತೆ ಹರಿದಿಳಿಯುತ್ತದೆ. ಮಳೆ ನಿಂತು, ರಸ್ತೆಯ ಜನ ಕೊಡೆ ಮಡಿಸಿದ ಮೇಲೂ ಮರವು ಮಾತ್ರ ಸ್ವಲ್ಪ ಹೊತ್ತು ತನ್ನದೇ ಮಳೆಯನ್ನು ಸುರಿಸುತ್ತಿರುತ್ತದೆ.

ಇದು ಒಂದು ಮರದ ಕಥೆ. ಬೆಟ್ಟಕ್ಕೆ ಬೆಟ್ಟವೇ ಮರಗಳಿಂದ ಮುಚ್ಚಿಹೋಗಿದ್ದರೆ ಅಲ್ಲಿ ಬಿದ್ದ ಮಳೆ ಏನಾಗುತ್ತದೆ? ಆ ಬೆಟ್ಟವನ್ನು ಬೋಳಿಸಿದರೆ ಅದೇ ಮಳೆ ಏನಾಗುತ್ತದೆ? ಈ ಪ್ರಶ್ನೆಯನ್ನು ವಿಜ್ಞಾನಿಗಳ ಮುಂದೆಯೂ ಸರಕಾರದ ಮುಂದೆಯೂ ಬಿಡದೆ ಇಟ್ಟವರಲ್ಲಿ ಒಬ್ಬನು ಹ್ಯೂ ಕ್ಲೆಗ್‌ಹಾರ್ನ್. ಆತನು ಇಂಜಿನಿಯರನೂ ಅಲ್ಲ, ಹುಟ್ಟಿನಿಂದ ಅರಣ್ಯಾಧಿಕಾರಿಯೂ ಅಲ್ಲ. ನಾಡಿ ಹಿಡಿದು ಔಷಧ ಕೊಡುತ್ತಿದ್ದ ವೈದ್ಯ. ಆತನನ್ನು ಕಾಡಿನ ಕಡೆಗೆ ತಿರುಗಿಸಿದ್ದು ನಮ್ಮ ಶಿವಮೊಗ್ಗ. ಭಾರತದ ಅರಣ್ಯರಕ್ಷಣೆಯ ಇತಿಹಾಸದಲ್ಲಿ ಆತನ ಹೆಸರು ಮೊದಲ ಪುಟದಲ್ಲಿದ್ದರೂ ಕನ್ನಡದ ಮಕ್ಕಳು ಅದನ್ನು ಕೇಳಿರುವುದು ಅಪರೂಪ.

ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್ 1820ನೆಯ ಇಸವಿ ಆಗಸ್ಟ್ 9ರಂದು ಮದರಾಸಿನಲ್ಲಿ ಜನಿಸಿದನು. ತಂದೆ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿಯಾಗಿದ್ದನು. ಆ ಕಾಲದ ಆಂಗ್ಲ ಕುಟುಂಬಗಳ ಪದ್ಧತಿಯಂತೆ ಮಗುವನ್ನು ನಾಲ್ಕು ವರ್ಷ ತುಂಬುವ ಹೊತ್ತಿಗೆ ಸ್ಕಾಟ್ಲೆಂಡಿಗೆ ಕಳುಹಿಸಲಾಯಿತು. ಸೇಂಟ್ ಆಂಡ್ರೂಸ್ ಎಂಬ ಹಳೆಯ ವಿದ್ಯಾನಗರದ ಸಮೀಪದಲ್ಲಿ ಸ್ಟ್ರಾವಿಥಿ ಎಂಬ ಹೆಸರಿನ ಜಮೀನು ಅಜ್ಜನದಾಗಿದ್ದಿತು. ಅಜ್ಜನ ಹೆಸರೂ ಹ್ಯೂ ಕ್ಲೆಗ್‌ಹಾರ್ನ್ ಎಂದೇ. ಆತನು ಸಾಮಾನ್ಯನಲ್ಲ. ಸೇಂಟ್ ಆಂಡ್ರೂಸಿನಲ್ಲಿ ಇತಿಹಾಸದ ಪ್ರಾಧ್ಯಾಪಕನಾಗಿದ್ದವನು ಆ ಕೆಲಸವನ್ನು ಬಿಟ್ಟು, ಡಚ್ಚರ ಕೈಕೆಳಗೆ ಸಿಂಹಳದಲ್ಲಿದ್ದ ಕೂಲಿಸೈನ್ಯವೊಂದನ್ನು ಬ್ರಿಟಿಷರ ಕಡೆಗೆ ತಿರುಗಿಸುವ ಸಂಧಾನವನ್ನು ನಡೆಸಿ, ಕೊನೆಗೆ ಸಿಂಹಳದ ಮೊದಲ ವಸಾಹತು ಕಾರ್ಯದರ್ಶಿಯಾದನು. ಮೊಮ್ಮಗನು ಬೆಳೆದದ್ದು ಈ ವೃದ್ಧನ ಹೊಲ, ತೋಟ, ಮರಗಳ ನಡುವೆ.

ಎಡಿನ್‌ಬರೋ ನಗರದಲ್ಲಿ ಶಾಲೆಯ ಓದು ನಡೆಯಿತು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿಯೇ ವೈದ್ಯಶಾಸ್ತ್ರವನ್ನು ಕಲಿತು 1841ರಲ್ಲಿ ಪದವಿ ಪಡೆದನು. ಆ ಕಾಲದ ವೈದ್ಯವಿದ್ಯೆಯಲ್ಲಿ ಸಸ್ಯಶಾಸ್ತ್ರಕ್ಕೆ ದೊಡ್ಡ ಸ್ಥಾನವಿದ್ದಿತೆಂಬುದನ್ನು ಇಲ್ಲಿ ಹೇಳಬೇಕು. ಔಷಧಗಳೆಲ್ಲ ಬಹುಮಟ್ಟಿಗೆ ಗಿಡಮೂಲಿಕೆಗಳೇ ಆಗಿದ್ದುದರಿಂದ, ಗಿಡವನ್ನು ಗುರುತಿಸಲಾರದ ವೈದ್ಯನು ಅರ್ಧವೈದ್ಯನೇ ಸರಿ ಎಂದು ಭಾವಿಸಲಾಗುತ್ತಿತ್ತು. ಭಾರತಕ್ಕೆ ಬಂದ ಕಂಪನಿಯ ವೈದ್ಯರಲ್ಲಿ ಎಷ್ಟೋ ಮಂದಿ ಸಸ್ಯಶಾಸ್ತ್ರಜ್ಞರಾಗಿದ್ದುದಕ್ಕೆ ಇದೇ ಕಾರಣ. 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯಸೇವೆಗೆ ಸೇರಿ ಕ್ಲೆಗ್‌ಹಾರ್ನನು ತಾನು ಹುಟ್ಟಿದ ಮದರಾಸಿಗೆ ಮರಳಿ ಬಂದನು.

ಕೆಲವು ಕಾಲದ ನಂತರ ಆತನನ್ನು ಮೈಸೂರು ಸೀಮೆಯ ನಗರ ವಿಭಾಗಕ್ಕೆ ಕಳುಹಿಸಿದರು. ಆಗ ಮೈಸೂರು ರಾಜ್ಯದ ಆಡಳಿತವನ್ನು ಬ್ರಿಟಿಷ್ ಕಮಿಷನರರು ನಡೆಸುತ್ತಿದ್ದರು. ಮಾರ್ಕ್ ಕಬ್ಬನ್ ಬೆಂಗಳೂರಿನಲ್ಲಿ ಕಮಿಷನರನಾಗಿದ್ದನು. ಶಿವಮೊಗ್ಗವು ನಗರ ವಿಭಾಗದ ಮುಖ್ಯ ಸ್ಥಳ. 1845ರ ಹೊತ್ತಿಗೆ ಈ ಇಪ್ಪತ್ತೈದು ವರ್ಷದ ತರುಣ ವೈದ್ಯನು ತುಂಗೆಯ ದಡದ ಆ ಊರಿನಲ್ಲಿ ನೆಲೆಸಿದನು.

ಶಿವಮೊಗ್ಗದಿಂದ ತೀರ್ಥಹಳ್ಳಿಯ ಮಾರ್ಗವಾಗಿ ಆಗುಂಬೆಗೆ ಹೋದವರು, ಒಂದೇ ದಿನದ ಪ್ರಯಾಣದಲ್ಲಿ ಎರಡು ಲೋಕಗಳನ್ನು ನೋಡುತ್ತಾರೆ. ಶಿವಮೊಗ್ಗದಲ್ಲಿ ಬಯಲು ಸೀಮೆಯ ಗಾಳಿ ಬೀಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ನಮ್ಮ ಠಾಣೆಯ ಮಳೆಯನ್ನೇ ಹೆಚ್ಚೆಂದು ದೂರುವ ನಾವು ಅದರ ಸುಮಾರು ಮೂರು ಪಟ್ಟನ್ನು ಊಹಿಸಿಕೊಳ್ಳಬೇಕು. ಹೀಗಿದ್ದರೂ ಮಲೆನಾಡಿನ ದಟ್ಟ ಕಾಡಿನ ಒಳಗೆ ಮಳೆಗಾಲದಲ್ಲಿ ನಡೆದರೆ, ಸಣ್ಣ ತೊರೆಗಳ ನೀರು ಬಹುಮಟ್ಟಿಗೆ ತಿಳಿಯಾಗಿರುವುದನ್ನು ಕಾಣಬಹುದು. ಅಷ್ಟು ಮಳೆ ಮಣ್ಣನ್ನು ಏಕೆ ಕೊಚ್ಚಿಕೊಂಡು ಹೋಗಲಿಲ್ಲ?

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಇಂದು ನಮಗೆ ತಿಳಿದಿರುವ ಮಟ್ಟಿಗೆ, ಕಾಡಿನ ಮೇಲೆ ಬಿದ್ದ ಮಳೆಗೆ ಮೂರು ದಾರಿಗಳಿವೆ. ಒಂದು ಪಾಲು ಎಲೆಗಳ ಮೇಲೆ, ಕೊಂಬೆಗಳ ಮೇಲೆ, ತೊಗಟೆಯ ಪಾಚಿಯ ಮೇಲೆ ನಿಂತು ಅಲ್ಲಿಂದಲೇ ಆವಿಯಾಗಿ ಆಕಾಶಕ್ಕೆ ಹಿಂತಿರುಗುತ್ತದೆ. ತುಂತುರು ಮಳೆಯಾದರೆ ಬಹುಭಾಗ ಹೀಗೆಯೇ ಹೋಗುತ್ತದೆ, ನೆಲವನ್ನು ಮುಟ್ಟುವುದೇ ಇಲ್ಲ. ಜಡಿಮಳೆಯಾದರೆ ಎಲೆಗಳು ತುಂಬಿದ ಪಾತ್ರೆಯಂತಾಗಿ, ಅಲ್ಲಿ ನಿಲ್ಲುವ ಪಾಲು ಸಣ್ಣದಾಗುತ್ತದೆ. ಎರಡನೆಯ ಪಾಲು, ಎಲ್ಲಕ್ಕಿಂತ ದೊಡ್ಡದು, ಎಲೆಯಿಂದ ಎಲೆಗೆ ತೊಟ್ಟಿಕ್ಕುತ್ತ, ಮರಗಳ ಸಂದುಗಳಿಂದ ಬೀಳುತ್ತ ಕೆಳಕ್ಕೆ ಬರುತ್ತದೆ. ಮೂರನೆಯದು ಕಾಂಡವನ್ನು ಹಿಡಿದು ಇಳಿಯುವ ನೀರು. ಅದು ನೂರರಲ್ಲಿ ಕೆಲವೇ ಪಾಲು. ಆದರೆ ನೇರವಾಗಿ ಬೇರಿನ ಬುಡಕ್ಕೆ ಬರುವುದರಿಂದ, ಬೇರು ಕೊರೆದ ಸಂದುಗಳನ್ನೇ ದಾರಿ ಮಾಡಿಕೊಂಡು ಆಳಕ್ಕೆ ಇಳಿದುಬಿಡುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ಎಲೆಯ ಚಪ್ಪರವು ಮಳೆಯ ಪೆಟ್ಟನ್ನು ತಡೆಯುತ್ತದೆಂದು ನಾವೆಲ್ಲರೂ ತಿಳಿದಿದ್ದೇವೆ. ಅದು ಅರ್ಧ ಸತ್ಯ ಮಾತ್ರ. ಎಲೆಯ ತುದಿಯಲ್ಲಿ ಸಣ್ಣ ಹನಿಗಳು ಕೂಡಿಕೊಂಡು ದಪ್ಪ ಹನಿಯಾಗುತ್ತವೆ; ಹತ್ತು ಮೀಟರಿಗಿಂತ ಎತ್ತರದ ಕೊಂಬೆಯಿಂದ ಬಿದ್ದ ಅಂಥ ಹನಿ ನೆಲವನ್ನು ತಲುಪುವಾಗ, ಮೋಡದಿಂದ ಬಿದ್ದ ಹನಿಗೆ ಹೆಚ್ಚುಕಡಿಮೆ ಸಮನಾದ ವೇಗವನ್ನು ಪಡೆದಿರುತ್ತದೆ. ತೂಕವಂತೂ ಹೆಚ್ಚು. ಹಾಗಾದರೆ ಮಣ್ಣನ್ನು ಕಾಯುವವರು ಯಾರು? ಎತ್ತರದ ಮರವಲ್ಲ, ಅದರ ಕೆಳಗೆ ಬೆಳೆದ ಗಿಡ, ಪೊದೆ, ಜರಿಗಿಡಗಳು ಮತ್ತು ಎಲ್ಲಕ್ಕಿಂತ ಮಿಗಿಲಾಗಿ ನೆಲದ ಮೇಲೆ ಹಾಸಿದ ತರಗೆಲೆ. ಮಲೆನಾಡಿನವರು ದರಗು ಎಂದು ಕರೆದು ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ಹೊತ್ತು ತರುವ ಈ ಒಣ ಎಲೆಯ ಹಾಸಿಗೆ ಹನಿಯ ಪೆಟ್ಟನ್ನು ತಾನು ತಿಂದು, ನೀರನ್ನು ಮೆಲ್ಲಗೆ ಕೆಳಕ್ಕೆ ಬಿಡುತ್ತದೆ. ಅದರಡಿಯಲ್ಲಿ ಎರೆಹುಳು, ಗೆದ್ದಲು, ಸತ್ತ ಬೇರುಗಳು ಕೊರೆದ ಸಾವಿರಾರು ರಂಧ್ರಗಳಿವೆ. ನೀರು ಅವುಗಳ ಮೂಲಕ ಇಳಿದು, ಬಂಡೆಯ ಬಿರುಕುಗಳಲ್ಲಿ ಸೇರಿ, ತಿಂಗಳುಗಳ ಬಳಿಕ ಬೆಟ್ಟದ ಬುಡದಲ್ಲಿ ಒರತೆಯಾಗಿ ಹೊರಬೀಳುತ್ತದೆ. ಜುಲೈಯಲ್ಲಿ ಬಿದ್ದ ಮಳೆಯನ್ನು ಫೆಬ್ರವರಿಯಲ್ಲಿ ಕುಡಿಯುವುದೆಂದರೆ ಇದೇ.

ಕ್ಲೆಗ್‌ಹಾರ್ನನ ಕಾಲದಲ್ಲಿ ಈ ಲೆಕ್ಕಗಳನ್ನು ಯಾರೂ ಹಾಕಿರಲಿಲ್ಲ. ಆತನಿಗಿದ್ದದ್ದು ಕಣ್ಣು ಮತ್ತು ಶಿಸ್ತು. ದಿನಕ್ಕೆ ಒಂದು ಗಿಡವನ್ನು ಆರಿಸಿಕೊಂಡು ಕಾಲು ಗಂಟೆ ಅದನ್ನು ಪರೀಕ್ಷಿಸಬೇಕೆಂಬ ನಿಯಮವನ್ನು ಆತನು ಇಟ್ಟುಕೊಂಡನು. ಪರೀಕ್ಷಿಸಿದ ಗಿಡದ ಚಿತ್ರವನ್ನು ಬರೆಯುವುದಕ್ಕೆ ಶಿವಮೊಗ್ಗದಲ್ಲಿ ಒಬ್ಬ ಮರಾಠಿ ಚಿತ್ರಕಾರನನ್ನು ನೇಮಿಸಿಕೊಂಡನು. ಆ ಚಿತ್ರಕಾರನು ಬರೆದ ನೂರಾರು ಚಿತ್ರಗಳು ಇಂದಿಗೂ ಎಡಿನ್‌ಬರೋ ನಗರದ ರಾಜಕೀಯ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ. ಅವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಮಲೆನಾಡಿನ ಹೂವುಗಳನ್ನು ಅಷ್ಟು ಚೆಲುವಾಗಿ ಕಾಗದಕ್ಕೆ ಇಳಿಸಿದ ಕೈಗೆ ಒಂದು ಹೆಸರಿನ ಋಣವಾದರೂ ಸಲ್ಲಬೇಕಾಗಿದ್ದಿತು.

ಜಿಲ್ಲೆಯಲ್ಲಿ ಸಂಚರಿಸುವಾಗ ಆತನು ಕಾಡು ಕರಗುತ್ತಿರುವುದನ್ನು ಕಂಡನು. ತೇಗದ ಮರಗಳನ್ನು ಮಿತಿಯಿಲ್ಲದೆ ಕಡಿಯಲಾಗುತ್ತಿತ್ತು. ಕಡಿದಲ್ಲಿ ಮತ್ತೆ ನೆಡುವವರಿರಲಿಲ್ಲ. ಇನ್ನೊಂದು ಕಡೆ ಕುಮರಿ ಬೇಸಾಯ ನಡೆಯುತ್ತಿತ್ತು. ಕುಮರಿಯೆಂದರೆ, ಬೆಟ್ಟದ ಓರೆಯಲ್ಲಿ ಕಾಡನ್ನು ಚಳಿಗಾಲದಲ್ಲಿ ಕಡಿದು ಒಣಗಲು ಬಿಟ್ಟು, ಬೇಸಗೆಯ ಕೊನೆಯಲ್ಲಿ ಬೆಂಕಿ ಹಾಕಿ, ಮೊದಲ ಮಳೆಗೆ ಆ ಬೂದಿಯಲ್ಲಿ ರಾಗಿ ಮುಂತಾದುವನ್ನು ಬಿತ್ತುವ ಪದ್ಧತಿ. ಒಂದೆರಡು ಬೆಳೆ ತೆಗೆದ ಮೇಲೆ ಆ ಜಾಗವನ್ನು ಬಿಟ್ಟು ಬೇರೆ ಕಡೆಗೆ ಹೋಗುವರು. ಹಲವು ವರ್ಷ ಕಳೆದು ಕಾಡು ಮತ್ತೆ ಎದ್ದ ಬಳಿಕ ಅಲ್ಲಿಗೆ ಮರಳುವರು. ನಮ್ಮ ನೆರೆಯ ರಾಯಗಡ ಜಿಲ್ಲೆಯ ಬೆಟ್ಟಗಳಲ್ಲಿ ಠಾಕೂರ, ಕಾತಕರಿ ಜನರು ನಡೆಸುತ್ತಿದ್ದ ದಳಿ ಬೇಸಾಯವೂ ಇದೇ ಜಾತಿಯದು.

ಆರೋಗ್ಯ ಕೆಟ್ಟುದರಿಂದ 1848ರಲ್ಲಿ ಕ್ಲೆಗ್‌ಹಾರ್ನನು ರಜೆಯ ಮೇಲೆ ಸ್ವದೇಶಕ್ಕೆ ಹೋಗಬೇಕಾಯಿತು. ರೋಗಿಯಾಗಿ ಹೋದವನು ಅಲ್ಲಿ ಸುಮ್ಮನೆ ಕುಳಿತುಕೊಳ್ಳಲಿಲ್ಲ. ವಿಜ್ಞಾನದ ಅಭಿವೃದ್ಧಿಗಾಗಿ ಸ್ಥಾಪಿತವಾಗಿದ್ದ ಬ್ರಿಟಿಷ್ ಸಂಘವು 1850ರಲ್ಲಿ ಎಡಿನ್‌ಬರೋದಲ್ಲಿ ಸಭೆ ಸೇರಿದಾಗ, ಉಷ್ಣದೇಶಗಳ ಅರಣ್ಯನಾಶದ ಪರಿಣಾಮವನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ಅದರ ಮುಖ್ಯ ಭಾರ ಕ್ಲೆಗ್‌ಹಾರ್ನನ ಮೇಲೆ ಬಿದ್ದಿತು. ಫೋರ್ಬ್ಸ್ ರಾಯ್ಲ್, ಬೇರ್ಡ್ ಸ್ಮಿತ್, ಸ್ಟ್ರೇಚಿ ಎಂಬವರು ಉಳಿದ ಸದಸ್ಯರು. ಮರುವರ್ಷ ಇಪ್ಸ್‌ವಿಚ್ ನಗರದ ಸಭೆಯಲ್ಲಿ ವರದಿ ಮಂಡಿತವಾಯಿತು.

ಈ ವರದಿಗೆ ಆಧಾರ ಕೊಟ್ಟವರಲ್ಲಿ ನಮ್ಮ ಭಾಗಕ್ಕೆ ಸೇರಿದ ಒಬ್ಬನಿದ್ದನು. ಆತನೇ ಅಲೆಗ್ಸಾಂಡರ್ ಗಿಬ್ಸನ್. ಆತನೂ ಸ್ಕಾಟ್ಲೆಂಡಿನವನು, ಆತನೂ ವೈದ್ಯ. ಪುಣೆಯ ಬಳಿಯ ದಾಪೋಡಿಯ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದು 1847ರಲ್ಲಿ ಮುಂಬಯಿ ಪ್ರಾಂತದ ಅರಣ್ಯ ಸಂರಕ್ಷಕನಾದನು. ಕೊಂಕಣದ ಬೆಟ್ಟಗಳು ಬೋಳಾದಂತೆಲ್ಲ ಒರತೆಗಳು ಬತ್ತುತ್ತಿವೆ, ಕೊಚ್ಚಿಬಂದ ಮಣ್ಣು ಖಾಡಿಗಳನ್ನು ತುಂಬುತ್ತಿದೆ ಎಂದು ಗಿಬ್ಸನನು ಸರಕಾರಕ್ಕೆ ಬರೆಯುತ್ತಲೇ ಇದ್ದನು.

ಅರಣ್ಯವಿದ್ದರೆ ಮಳೆ ಹೆಚ್ಚುವುದೋ, ಕಡಿದರೆ ಮಳೆ ಕಡಮೆಯಾಗುವುದೋ ಎಂಬ ಪ್ರಶ್ನೆ ಆಗ ದೊಡ್ಡ ಚರ್ಚೆಯಾಗಿತ್ತು. ಪಂಡಿತರಲ್ಲಿ ಒಮ್ಮತವಿರಲಿಲ್ಲ. ಸಮಿತಿಯ ವಿಚಾರದಲ್ಲಿ ನನಗೆ ಮೆಚ್ಚುಗೆಯಾದ ಅಂಶವೆಂದರೆ, ಅದು ಈ ಒಂದು ಪ್ರಶ್ನೆಯಲ್ಲೇ ಸಿಲುಕಿಕೊಳ್ಳಲಿಲ್ಲ. ಮೇಲಿಂದ ಎಷ್ಟು ಬೀಳುತ್ತದೆಂಬುದು ಒಂದು ಮಾತು. ಬಿದ್ದ ನೀರು ನೆಲದಲ್ಲಿ ನಿಲ್ಲುತ್ತದೆಯೇ ಎಂಬುದು ಇನ್ನೊಂದು ಮಾತು. ಒರತೆ, ತೊರೆ, ಮಣ್ಣಿನ ತೇವ ಇವುಗಳಿಗೆ ಕಾಡು ಆಸರೆಯೆಂಬುದಕ್ಕೆ ಬೇರೆ ಬೇರೆ ಜಿಲ್ಲೆಗಳಿಂದ ಬಂದ ಸಾಕ್ಷ್ಯಗಳನ್ನು ಅದು ಒಂದುಗೂಡಿಸಿತು.

ಕ್ಲೆಗ್‌ಹಾರ್ನನು ಮದರಾಸಿಗೆ ಮರಳಿ, ಅಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿ ಕೆಲವು ವರ್ಷ ಕಳೆದನು. ಅಷ್ಟರಲ್ಲಿ ದೇಶದಲ್ಲಿ ಒಂದು ಹೊಸ ಬಾಯಿ ತೆರೆದಿದ್ದಿತು. ಕಾಡನ್ನು ನುಂಗುವ ಬಾಯಿ. ಅದರ ಆರಂಭಕ್ಕೆ ನಮ್ಮ ಊರೇ ಸಾಕ್ಷಿ. 1853ನೆಯ ಇಸವಿ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ಉಗಿಬಂಡಿ ಬಂದು ನಿಂತದ್ದು ಠಾಣೆಯಲ್ಲಿ. ಮುಂದಿನ ವರ್ಷ ಮೇ 1ರಂದು ಹಳಿ ಕಲ್ಯಾಣವನ್ನು ಮುಟ್ಟಿತು. 1856ರಲ್ಲಿ ಮದರಾಸಿನ ರಾಯಪುರದಿಂದಲೂ ರೈಲು ಹೊರಟಿತು. ಆ ಕಾಲದಲ್ಲಿ ಹಳಿಗಳಡಿಯಲ್ಲಿ ಹಾಸುತ್ತಿದ್ದ ಸ್ಲೀಪರುಗಳು ಮರದವು. ಗಜಕ್ಕೆ ಒಂದರಂತೆ ಹಾಸಿದರೂ ಒಂದು ಮೈಲಿಗೆ 1,760 ಬೇಕು. ಗೆದ್ದಲಿಗೂ ಮಳೆಗೂ ಸಿಕ್ಕಿ ಅವು ಕೆಲವೇ ವರ್ಷಗಳಲ್ಲಿ ಹಾಳಾಗುತ್ತಿದ್ದುದರಿಂದ ಮತ್ತೆ ಮತ್ತೆ ಕಡಿಯಬೇಕು. ದಕ್ಷಿಣದಲ್ಲಿ ಇಂಜಿನಿನ ಒಲೆಗೂ ಕಟ್ಟಿಗೆಯೇ ಉರುವಲಾಗಿದ್ದಿತು. ಕಾಡನ್ನು ಹೀಗೆಯೇ ಬಿಟ್ಟರೆ ರೈಲಿಗೂ ಮರ ಸಿಗಲಾರದೆಂಬ ಭಯ ಸರಕಾರಕ್ಕೆ ಹುಟ್ಟಿತು. ಒರತೆಯ ಚಿಂತೆಗಿಂತ ಸ್ಲೀಪರಿನ ಚಿಂತೆಯೇ ಅಧಿಕಾರಿಗಳನ್ನು ಎಬ್ಬಿಸಿತೆಂದರೆ ತಪ್ಪಾಗದು.

ಗವರ್ನರನಾಗಿದ್ದ ಲಾರ್ಡ್ ಹ್ಯಾರಿಸನ ಇಚ್ಛೆಯಂತೆ 1856ರ ಡಿಸೆಂಬರಿನಲ್ಲಿ ಕ್ಲೆಗ್‌ಹಾರ್ನನು ಮದರಾಸು ಪ್ರಾಂತದ ಅರಣ್ಯ ಸಂರಕ್ಷಕನಾಗಿ ನೇಮಕಗೊಂಡನು. ಅದೇ ವರ್ಷ ಆತನ ಸಲಹೆಯಂತೆ ಬೆಂಗಳೂರಿನ ಲಾಲ್‌ಬಾಗ್ ಸರಕಾರಿ ಸಸ್ಯೋದ್ಯಾನವಾಗಿ ಹೊಸ ಜನ್ಮ ಪಡೆಯಿತು. ಬೇಸಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಲಾಲ್‌ಬಾಗಿನ ಮರಗಳಡಿಯಲ್ಲಿ ಕಡಲೆಕಾಯಿ ತಿನ್ನುವ ನಮ್ಮ ಮಕ್ಕಳು ಇದನ್ನೊಮ್ಮೆ ನೆನೆಯಬಹುದು.

ಮುಂದಿನ ವರ್ಷಗಳು ಸಂಚಾರದ ವರ್ಷಗಳು. ಮಲಬಾರು, ಆನೆಮಲೆ, ನೀಲಗಿರಿ, ಕನ್ನಡ ಜಿಲ್ಲೆ ಎಲ್ಲವನ್ನೂ ಆತನು ಸುತ್ತಿದನು. ಉತ್ತರ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದು, 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದಿತು. ದಾಂಡೇಲಿಯ ತೇಗ, ಗೇರುಸೊಪ್ಪೆಯ ಜಲಪಾತದ ಸುತ್ತಲಿನ ಅಭೇದ್ಯವಾದ ಹಸುರು, ಇವೆರಡನ್ನೂ ಆತನು ಕಂಡನು. 1861ರಲ್ಲಿ ಪ್ರಕಟವಾದ ಆತನ ಗ್ರಂಥದಲ್ಲಿ ದಕ್ಷಿಣ ಭಾರತದ ಅರಣ್ಯಗಳ ಮತ್ತು ಉದ್ಯಾನಗಳ ವೃತ್ತಾಂತವಿದೆ. ನೆಟ್ಟು ಬೆಳೆಸಬೇಕು, ಎಳೆಯ ಮರವನ್ನು ಕಡಿಯಬಾರದು, ಮರಕ್ಕೆ ಲೆಕ್ಕವಿರಬೇಕು, ಕಾವಲಿರಬೇಕು. ಇವು ಆತನು ತಂದ ವ್ಯವಸ್ಥೆಯ ತಿರುಳು. ಇಂದು ಸಹಜವೆಂದು ತೋರುವ ಈ ಮಾತುಗಳು ಅಂದು ಗುತ್ತಿಗೆದಾರರಿಗೂ ಕೆಲವು ಕಲೆಕ್ಟರರಿಗೂ ಕಿರಿಕಿರಿಯ ಮಾತುಗಳಾಗಿದ್ದುವು.

ಆದರೆ ಕುಮರಿಯ ವಿಷಯದಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಕ್ಲೆಗ್‌ಹಾರ್ನನು ಕುಮರಿಯ ಬದ್ಧವಿರೋಧಿ. ಒಂದೆರಡು ಬೆಳೆಗಾಗಿ ನೂರು ವರ್ಷದ ಮರವನ್ನು ಸುಡುವುದು ಆತನಿಗೆ ಸಹಿಸಲಾಗದ ಅಪವ್ಯಯವಾಗಿ ಕಂಡಿತು. 1860ರಲ್ಲಿ ಮದರಾಸು ಸರಕಾರವು, ವಿಶೇಷ ಅಪ್ಪಣೆಯಿಲ್ಲದೆ ಸರಕಾರಿ ಕಾಡಿನಲ್ಲಿ ಕುಮರಿ ಮಾಡಕೂಡದೆಂದು ಆಜ್ಞೆ ಹೊರಡಿಸಿತು. ಬೋಳಾದ ಓರೆಯ ಮೇಲೆ ಮಳೆ ಬಿದ್ದಾಗ ಮಣ್ಣು ಹೋಗುವುದೆಂಬುದು ಸತ್ಯವೇ. ಆದರೆ ಕುಣಬಿ, ಕುಡುಬಿ, ಮಲೆಕುಡಿಯ ಮುಂತಾದ ಬೆಟ್ಟದ ಜನರಿಗೆ ಕುಮರಿಯಲ್ಲದೆ ಬೇರೆ ಅನ್ನದ ದಾರಿ ಇರಲಿಲ್ಲ. ದೀರ್ಘ ಕಾಲ ಹಾಗೆಯೇ ಬಿಟ್ಟ ಕುಮರಿಯಲ್ಲಿ ಕಾಡು ಮತ್ತೆ ಏಳುತ್ತಿತ್ತು. ರೈಲಿಗೆಂದು ಕಡಿದ ಮರ ಮತ್ತೆ ಏಳಲಿಲ್ಲ. ಕತ್ತಿ ಹಿಡಿದ ಬಡವನು ಅಪರಾಧಿಯಾದನು, ಕೊಡಲಿ ಹಿಡಿದ ಸರಕಾರವು ಸಂರಕ್ಷಕನಾಯಿತು. ಕ್ಲೆಗ್‌ಹಾರ್ನನು ಕ್ರೂರಿಯಾಗಿರಲಿಲ್ಲ; ಆದರೆ ಕಾಡಿನ ರೋಗವನ್ನು ಪರೀಕ್ಷಿಸಿದ ವೈದ್ಯನು ಕಾಡಿನ ಮಕ್ಕಳ ಹಸಿವಿನ ನಾಡಿಯನ್ನು ಅಷ್ಟೇ ಎಚ್ಚರದಿಂದ ಹಿಡಿಯಲಿಲ್ಲವೆಂದು ನನಗೆ ತೋರುತ್ತದೆ. ಈ ಅನ್ಯಾಯವನ್ನು ನಮ್ಮ ಪಾರ್ಲಿಮೆಂಟು ಒಪ್ಪಿಕೊಂಡದ್ದು 2006ರ ಅರಣ್ಯ ಹಕ್ಕುಗಳ ಕಾನೂನಿನಲ್ಲಿ, ಆ ಆಜ್ಞೆಯಾಗಿ ನೂರ ನಲವತ್ತಾರು ವರ್ಷಗಳ ಬಳಿಕ.

ಉಳಿದ ಜೀವನವನ್ನು ಬೇಗ ಹೇಳಿ ಮುಗಿಸಬಹುದು. 1861ರಲ್ಲಿ ಆತನ ವಿವಾಹವಾಯಿತು. ಅದೇ ವರ್ಷ ಪಂಜಾಬಿನ ನದಿಗಳ ತಲೆಭಾಗದ ಹಿಮಾಲಯದ ಕಾಡುಗಳನ್ನು ಪರೀಕ್ಷಿಸುವ ಕೆಲಸಕ್ಕೆ ಆತನನ್ನು ಕರೆಸಿಕೊಂಡರು. 1864ರಲ್ಲಿ ಭಾರತಕ್ಕೆಲ್ಲ ಒಂದು ಅರಣ್ಯ ಇಲಾಖೆ ಸ್ಥಾಪಿತವಾದಾಗ, ಅದರ ಮೊದಲ ಇನ್‌ಸ್ಪೆಕ್ಟರ್ ಜನರಲ್ ಪದವಿ ಜರ್ಮನ್ ವಿದ್ವಾಂಸನಾದ ಬ್ರಾಂಡಿಸನಿಗೆ ದೊರೆಯಿತು. ಕ್ಲೆಗ್‌ಹಾರ್ನನು ಅವನೊಡನೆ ಸೌಹಾರ್ದದಿಂದ ದುಡಿದು, ಅವನು ರಜೆಯಲ್ಲಿದ್ದಾಗ ಆ ಪದವಿಯ ಕೆಲಸವನ್ನೂ ನಿರ್ವಹಿಸಿದನು. ಬಳಿಕ ನಿವೃತ್ತನಾಗಿ ಸ್ಟ್ರಾವಿಥಿಗೆ ಮರಳಿ, ಸ್ಕಾಟ್ಲೆಂಡಿನಲ್ಲಿ ಅರಣ್ಯವಿದ್ಯೆಯ ಬೋಧನೆಗಾಗಿ ಶ್ರಮಿಸಿದನು. 1884ರಲ್ಲಿ ಎಡಿನ್‌ಬರೋದಲ್ಲಿ ನಡೆದ ಅಂತರರಾಷ್ಟ್ರೀಯ ಅರಣ್ಯ ಪ್ರದರ್ಶನಕ್ಕೂ ಆತನ ದುಡಿಮೆ ಸಂದಿತು. 1895ನೆಯ ಇಸವಿ ಮೇ 16ರಂದು, ಬಾಲ್ಯವನ್ನು ಕಳೆದ ಆ ಜಮೀನಿನಲ್ಲಿಯೇ ತೀರಿಕೊಂಡನು. ರಾಬರ್ಟ್ ವೈಟ್ ಎಂಬ ಸಸ್ಯಶಾಸ್ತ್ರಜ್ಞನು ಒಂದು ಬಳ್ಳಿಯ ಕುಲಕ್ಕೆ ಕ್ಲೆಗ್‌ಹಾರ್ನಿಯ ಎಂದು ಈತನ ಹೆಸರನ್ನೇ ಇಟ್ಟಿದ್ದಾನೆ.

ಆತನ ಅಭಿಪ್ರಾಯಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು? ತೇಗವನ್ನು ಆತನೂ ಆತನ ಬಳಿಕ ಬಂದ ಅರಣ್ಯಾಧಿಕಾರಿಗಳೂ ಮರಗಳ ರಾಜನೆಂದು ಸಾಲುಸಾಲಾಗಿ ನೆಡಿಸಿದರು. ಮರವಾಗಿ ಅದು ರಾಜನೇ. ಆದರೆ ಮಳೆಯನ್ನು ಇಳಿಸುವ ಕೆಲಸದಲ್ಲಿ ಅಷ್ಟೊಂದು ಒಳ್ಳೆಯ ಸೇವಕನಲ್ಲ. ಅದರ ಮೊರದಷ್ಟು ಅಗಲವಾದ ಎಲೆ ಮಳೆಯನ್ನು ಕೂಡಿಸಿ ಬಲು ದಪ್ಪ ಹನಿಗಳಾಗಿ ಕೆಡವುತ್ತದೆ; ಕೆಳಗೆ ಪೊದೆಯಿಲ್ಲದೆ, ತರಗೆಲೆ ಬೇಸಗೆಯ ಬೆಂಕಿಯಲ್ಲಿ ಸುಟ್ಟುಹೋಗಿದ್ದರೆ, ಆ ಹನಿ ಮಣ್ಣನ್ನು ಉಳಿಯಂತೆ ಕೆತ್ತುತ್ತದೆ. ಹಲವು ಜಾತಿಯ ಮರ, ಬಳ್ಳಿ, ಪೊದೆಗಳು ಮೇಲೊಂದು ಕೆಳಗೊಂದು ಹರಡಿಕೊಂಡಿರುವ ಸಹಜವಾದ ಕಾಡಿಗೆ ಯಾವ ತೋಪೂ ಸಮನಾಗಲಾರದು. ಮರಗಳು ನೀರನ್ನು ಹೀರಿ ಆವಿಯಾಗಿಯೂ ಬಿಡುತ್ತವೆಂಬುದನ್ನು ಮರೆಯಬಾರದು. ಎಲ್ಲಿ ಮರ ನೆಟ್ಟರೂ ನೀರು ಹೆಚ್ಚುತ್ತದೆಂಬುದು ಸುಳ್ಳು. ಆದರೆ ಉತ್ತರ ಕನ್ನಡದ ಕಾಡುಗಳಲ್ಲಿ ಈಚಿನ ವರ್ಷಗಳಲ್ಲಿ ಮಣ್ಣಿಗೆ ನೀರು ಇಂಗುವುದನ್ನೂ ಹಳ್ಳಗಳ ಹರಿವನ್ನೂ ಅಳೆದ ಸಂಶೋಧಕರು ಕಂಡದ್ದು, ತುಳಿತಕ್ಕೂ ಕಡಿತಕ್ಕೂ ಸಿಕ್ಕಿ ಕೆಟ್ಟ ನೆಲಕ್ಕಿಂತ, ಅಕೇಶಿಯಾ ತೋಪಿಗಿಂತ, ಸಹಜವಾದ ಕಾಡಿನ ನೆಲವು ಮಳೆಯನ್ನು ಚೆನ್ನಾಗಿ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದನ್ನು. ಶಿವಮೊಗ್ಗದಿಂದ ಹೊರಟ ವೈದ್ಯನು ಒರತೆಯ ವಿಷಯದಲ್ಲಿ ಹಿಡಿದ ದಾರಿ ತಪ್ಪಾಗಿರಲಿಲ್ಲ.

ಇದನ್ನು ನೋಡಲು ನಾವು ಶಿವಮೊಗ್ಗಕ್ಕೇ ಹೋಗಬೇಕಾಗಿಲ್ಲ. ಮುಂಬಯಿಗೆ ನೀರು ಕೊಡುವ ವಿಹಾರ ಕೆರೆಯ ಕೆಲಸ ಆರಂಭವಾದದ್ದು 1856ರಲ್ಲಿ, ಕ್ಲೆಗ್‌ಹಾರ್ನನಿಗೆ ಅಧಿಕಾರ ಬಂದ ವರ್ಷವೇ, ಮುಗಿದದ್ದು 1860ರಲ್ಲಿ. ಬಳಿಕ 1879ರಲ್ಲಿ ತುಳಸಿ ಕೆರೆಯಾಯಿತು. ಈ ಕೆರೆಗಳಿಗೆ ನೀರಿಳಿಸುವ ಬೆಟ್ಟಗಳೆಂಬ ಕಾರಣದಿಂದಲೂ ಅಲ್ಲಿಯ ಕಾಡು ಉಳಿದುಕೊಂಡು ಇಂದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಾಗಿದೆ. ಅದರ ಠಾಣೆಯ ಕಡೆಯ ಬಾಗಿಲೇ ಯೇಊರು. ಮಳೆಗಾಲದ ಭಾನುವಾರ ತಂದೆತಾಯಿಗಳೊಡನೆ ಅಲ್ಲಿಗೆ ಹೋದವರು, ಒಂದು ಮರದ ಬುಡದಲ್ಲಿ ಕುಳಿತು ತರಗೆಲೆಯನ್ನು ಕೈಯಿಂದ ಸರಿಸಿ ನೋಡಿರಿ. ಮೇಲೆ ಹನಿ ಬೀಳುತ್ತಿದ್ದರೂ ಕೆಳಗೆ ಕೆಸರಿರುವುದಿಲ್ಲ. ಕಪ್ಪಗೆ, ಮೆತ್ತಗೆ, ಕೈಯಿಂದ ಹಿಂಡಿದರೆ ನೀರು ಜಿನುಗುವ ಮಣ್ಣಿರುತ್ತದೆ. ಅದೇ ದಿನ ರೈಲಿನಲ್ಲಿ ಖಾಡಿಯನ್ನು ದಾಟಿ, ಕಲ್ಲು ತೆಗೆದು ಗಾಯವಾದ ಪಾರಸಿಕ ಬೆಟ್ಟದ ಓರೆಯನ್ನೂ ನೋಡಿರಿ. ಅಲ್ಲಿ ಅದೇ ಮೋಡದ ಅದೇ ಮಳೆ ಕೆಂಪು ನೀರಾಗಿ ರಸ್ತೆಗೆ ಧುಮುಕುತ್ತಿರುತ್ತದೆ.

ಯೇಊರಿನಿಂದ ಹಿಂತಿರುಗುವಾಗ ದಾರಿಯ ಪಕ್ಕದಲ್ಲಿ ವಾರಲಿ ಜನರ ಪಾಡಾಗಳು ಕಾಣುತ್ತವೆ. ಮಳೆಗಾಲದಲ್ಲಿ ಅಲ್ಲಿಯ ಹೆಂಗಸರು ಕಾಡಿನ ಸೊಪ್ಪುಗಳನ್ನು ಕಿತ್ತು, ಕಟ್ಟು ಕಟ್ಟಿ, ಠಾಣೆಯ ಪೇಟೆಗೆ ಮಾರಲು ತರುತ್ತಾರೆ. ಯಾವ ಸೊಪ್ಪು ಯಾವ ಮರದ ನೆರಳಿನಲ್ಲಿ, ಎಷ್ಟನೆಯ ಮಳೆಗೆ ಚಿಗುರುತ್ತದೆಂಬುದನ್ನು ಕೇಳಿದರೆ ಅವರು ಹೇಳುತ್ತಾರೆ.